ಕೊಟ್ಟವರ ಹೆಸರು

ಅಂಗಡಿಯಮ್ಮನ ಬಲಗೈ ನಡುಬೆರಳಿನ ಗೆಣ್ಣು ಉಳಿದ ಗೆಣ್ಣುಗಳಿಗಿಂತ ದಪ್ಪ, ಮೇಲಿನ ಚರ್ಮ ಒಣಗಿದ ಹುಣಸೆಬೀಜದಷ್ಟು ಗಟ್ಟಿ. ಪಾತ್ರೆಗಳನ್ನು ಬಡಿದು ಬಡಿದು ಹಾಗಾಗಿತ್ತು. ಕಡೂರಿನ ಪೇಟೆಯಲ್ಲಿದ್ದ ಅವರ ಪಾತ್ರೆ ಅಂಗಡಿಗೆ ಯಾರೇ ಬರಲಿ, ಬೆಲೆ ಹೇಳುವ ಮೊದಲು ಚೊಂಬಾದರೆ ಎಡಗೈಯಲ್ಲಿ ಎತ್ತಿ ಹಿಡಿದು, ಹಂಡೆಯಾದರೆ ತಾವೇ ಬಗ್ಗಿ, ಆ ಗೆಣ್ಣಿನಿಂದ ಒಂದೇ ಒಂದು ಸಲ ಬಡಿಯುವರು. ಟಣ್ ಎಂದ ಸದ್ದು ಅಂಗಡಿಯ ತುಂಬ ಓಡಾಡಿ ನಿಲ್ಲುವವರೆಗೂ ಮಾತಿಲ್ಲ. ಆಮೇಲೆ, "ಕೇಳಿಸ್ತಾ? ಮೊದ್ಲು ಕೇಳಿಸ್ಕೊ, ಆಮೇಲೆ ಕೊಂಡ್ಕೊ," ಅನ್ನುವರು.

ಅವರ ಬಗ್ಗೆ ಬರೆಯಬೇಕು ಅಂತ ಕೂತಿದ್ದೇನೆ, ಆದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಹೋದ ವಾರ ನನ್ನ ಮೊಮ್ಮಗಳು ಫೋನಿನಲ್ಲಿ ಓದಿ ಹೇಳಿದ ಒಂದು ಸುದ್ದಿಯಿಂದ ಈ ಮುದುಕಿಯ ಕಾಲು ನೆಲದ ಮೇಲೆ ನಿಂತಿಲ್ಲ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ ಅದರಲ್ಲಿ ಅಂಗಡಿಯಮ್ಮನ ಪಾಲು ಎಷ್ಟು ಅಂತ ನಿಮಗೆ ತಿಳಿಯುವುದಿಲ್ಲ.

ನಾನು ಆ ಅಂಗಡಿಗೆ ಸೇರಿದ್ದು ಹಿತ್ತಾಳೆ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಉಜ್ಜುವುದಕ್ಕೆ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬೇರೆ ಕೆಲಸ ಯಾರು ಕೊಡುತ್ತಾರೆ. ಹೀಗಿರುವಾಗ ಪಾತ್ರೆಗಳ ಮೇಲೆ ಹೆಸರು ಹೊಡೆಯುತ್ತಿದ್ದ ಹಿರಿಯರೊಬ್ಬರು ವಯಸ್ಸಾಯಿತೆಂದು ಕೆಲಸ ಬಿಟ್ಟರು. ಅಂಗಡಿಯಮ್ಮ ಅವರ ಚೂಪು ಉಳಿಯನ್ನೂ ಸಣ್ಣ ಸುತ್ತಿಗೆಯನ್ನೂ ತಂದು ನನ್ನ ಮಡಿಲಿಗೆ ಹಾಕಿದರು.

"ಅಮ್ಮಾರೇ, ನಂಗೆ ಅಕ್ಷರನೇ ಸರಿಯಾಗಿ ಬರಲ್ವಲ್ಲ," ಅಂದೆ.

"ಬರಿ ಅಂತ ಯಾರೇ ಹೇಳಿದ್ರು? ಚುಕ್ಕಿ ಇಡು. ರಂಗೋಲಿ ಬರಲ್ವೇನು ನಿಂಗೆ?"

ಜಜ್ಜಿಹೋಗಿದ್ದ ಒಂದು ಸ್ಟೀಲ್ ತಟ್ಟೆಯ ಮೇಲೆ ಅವರು ಸೀಮೆಸುಣ್ಣದಲ್ಲಿ ಅಕ್ಷರ ಬರೆಯುವರು, ನಾನು ಅದರ ಮೇಲೆ ಉಳಿ ಇಟ್ಟು ಚುಕ್ಕಿ ಚುಕ್ಕಿಯಾಗಿ ಹೊಡೆಯುವೆನು. ಆ ತಟ್ಟೆಯೇ ನನ್ನ ಸ್ಲೇಟು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಕ್ಷರ ಕಲಿತೆ, ಒತ್ತಕ್ಷರ ಕಲಿತೆ. ನಮ್ಮ ಅಂಗಡಿಯ ಅಕ್ಷರ ಬೇರೆಯವರ ಅಕ್ಷರದ ಹಾಗಿರಲಿಲ್ಲ. ರಂಗೋಲಿಯ ಬಳ್ಳಿಯಂತೆ ದುಂಡಗೆ ಬಾಗಿರುತ್ತಿತ್ತು. ಕರೆಂಟಿನಲ್ಲಿ ಗುಂಯ್ ಅಂತ ಹೆಸರು ಬರೆಯುವ ಮಿಷನ್ ಬಂದಾಗಲೂ ಅಂಗಡಿಯಮ್ಮ ಅದನ್ನು ತರಲಿಲ್ಲ. "ಅದು ಕೆರೆದಂಗೈತೆ. ಇದು ಹೆಸರು ಇಟ್ಟಂಗೈತೆ," ಅಂದರು.

ನಮ್ಮ ಕಡೆ ಮದುವೆಗೋ ಗೃಹಪ್ರವೇಶಕ್ಕೋ ಪಾತ್ರೆ ಕೊಡುವವರು ಅದರ ಮೇಲೆ ಹೊಡೆಸುವುದು ಕೊಡುವವರ ಹೆಸರನ್ನು, ಪಡೆಯುವವರದ್ದಲ್ಲ. ಪಡೆದವರಿಗೆ ತಮ್ಮ ಹೆಸರು ಗೊತ್ತೇ ಇರುತ್ತದೆ. ನೀರು ಮೊಗೆಯುವಾಗಲೆಲ್ಲ ಕೊಟ್ಟವರು ಕಣ್ಣಿಗೆ ಬೀಳಬೇಕು, ಅದಕ್ಕೆ. ನಾನು ಒಂದು ಸಲ ಕೈ ಬಿಡುವಾಗಿದ್ದಾಗ, "ಅಮ್ಮಾರೇ, ನಿಮ್ಮ ಹೆಸರು ಒಂದು ಚೊಂಬಿನ ಮೇಲೆ ಹೊಡೀಲಾ?" ಅಂತ ಕೇಳಿದ್ದೆ. ಅವರು ನಕ್ಕುಬಿಟ್ಟರು.

"ನಾನು ಯಾರಿಗೇನು ಕೊಟ್ಟಿದೀನೇ? ಮಾರಿದೀನಿ. ಮಾರೋರ ಹೆಸರು ಯಾರೂ ಹೊಡೆಸಲ್ಲ ಕಣೇ."

ಮಾರುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಹಿರೇನಲ್ಲೂರಿನ ಒಬ್ಬಾಕೆ ಸಂತೆಗೆ ಬಂದವಳು ಒಂದು ಕೊಳಗ ಎತ್ತಿ ನೋಡಿ ಸುಮ್ಮನೆ ಇಟ್ಟು ಹೋಗಿದ್ದಳು. ಮುಂದಿನ ಸಂತೆಗೆ ಅವಳು ಬೀದಿಯಲ್ಲಿ ಹೋಗುತ್ತಿದ್ದರೆ ಅಂಗಡಿಯಮ್ಮ ಒಳಗಿನಿಂದಲೇ ಕೂಗಿದರು.

"ಬಾರೇ ಇಲ್ಲಿ, ನೀನು ಕೈಯಿಟ್ಟು ಹೋದ ಕೊಳಗ ನಿನ್ನೇ ಕೇಳ್ತೈತೆ."

"ಅಯ್ಯೋ, ಸುಮ್ನೆ ನೋಡ್ದೆ ಕಣಮ್ಮ."

"ನಾನೂ ಸುಮ್ನೆ ಕರೆದೆ. ಬಿಸ್ಲಲ್ಲಿ ಬಂದಿದೀಯ, ನೀರು ಕುಡ್ಕೊಂಡ್ ಹೋಗು."

ನೀರು ಕೊಟ್ಟಿದ್ದು ಅದೇ ಕೊಳಗಕ್ಕೆ ಜೋಡಿಯಾದ ಲೋಟದಲ್ಲಿ. ಆಕೆ ಎರಡನ್ನೂ ಕೊಂಡು ಹೋದಳು.

ಇಂಥ ಅಂಗಡಿಗೂ ಜನ ಕಡಿಮೆಯಾದರು. ಎಲ್ಲರೂ ಫೋನಿನಲ್ಲಿ ಚಿತ್ರ ನೋಡಿ ಪಾತ್ರೆ ತರಿಸಿಕೊಳ್ಳತೊಡಗಿದರು. ಒಂದು ದಿನ ಮೊಬೈಲ್ ಅಂಗಡಿ ಇಡಬೇಕೆಂದಿದ್ದ ಒಬ್ಬ ಬಂದು, ಜಾಗ ಬಾಡಿಗೆಗೆ ಕೊಡಿ, ಗಾಜಿನ ಬಾಗಿಲು ಹಾಕಿಸಿಕೊಳ್ಳುತ್ತೇನೆ ಅಂತ ಕೇಳಿದ. "ಈ ಸಲದ ಮದ್ವೆ ಸೀಸನ್ ಕಳೀಲಪ್ಪ, ಹೇಳ್ತೀನಿ," ಅಂತ ಅವನನ್ನು ಕಳಿಸಿದರು. ನನಗೆ, "ಹೋಗ್ಲಿ ಬಿಡೇ, ನಂಗೂ ಬಗ್ಗಿ ಬಗ್ಗಿ ಸೊಂಟ ಬಿದ್ದೋಗೈತೆ," ಅಂದರು. ಆದರೆ ಆ ಮಧ್ಯಾಹ್ನ ಒಂದು ಚೊಂಬು ಬಡಿದವರು ಸದ್ದು ನಿಲ್ಲುವವರೆಗೆ ಕಾಯದೆ ಕೆಳಗಿಟ್ಟರು. ಹಾಗೆ ಅವರು ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅದನ್ನು ಮನೆಯಲ್ಲಿ ಹೇಳಿದೆ. ಆಗ ನನ್ನ ಮೊಮ್ಮಗಳು ತರೀಕೆರೆಯಲ್ಲಿ ಬಿ.ಕಾಂ. ಮುಗಿಸಿ ಬಂದಿದ್ದಳು. ಮಾರನೇ ದಿನವೇ ಅಂಗಡಿಗೆ ಬಂದು ಅಂಗಡಿಯಮ್ಮನ ಎದುರು ಸ್ಟೂಲು ಹಾಕಿಕೊಂಡು ಕೂತಳು.

"ದೊಡ್ಡಜ್ಜಿ, ನಾವೂ ಆನ್‌ಲೈನ್ ಅಂಗಡಿ ತೆಗೆಯೋಣ."

"ಅದಕ್ಕೆ ಬಾಗ್ಲು ಯಾವ ಕಡೆಗೈತೆ?"

"ಎಲ್ಲಾ ಕಡೆಗೂ."

"ಹಂಗಾದ್ರೆ ಕಳ್ಳರು ಬರ್ತಾರೆ," ಅಂದರು. ಆದರೂ ಒಪ್ಪಿದರು.

ಹುಡುಗಿ ಒಂದೊಂದೇ ಪಾತ್ರೆಯ ಫೋಟೋ ತೆಗೆದಳು. ಅಂಗಡಿಯಮ್ಮ ಫೋಟೋ ಸಾಲದು ಅಂದರು; ಕೇಳಿಸಿಕೊಳ್ಳದೆ ಹೇಗೆ ಕೊಳ್ಳುತ್ತಾರೆ? ಸರಿ, ಅವರು ಗೆಣ್ಣಿನಿಂದ ಬಡಿಯುವುದು, ಇವಳು ಸದ್ದು ಹಿಡಿಯುವುದು. ಫೋನಿನಲ್ಲಿ ಪಾತ್ರೆಯ ಚಿತ್ರ ಮುಟ್ಟಿದರೆ ಟಣ್ ಅನ್ನಬೇಕು, ಹಾಗೆ ಮಾಡಿದಳು.

ಆನ್‌ಲೈನ್ ಅಂಗಡಿಗೆ ಬೇಕಾದ ಸಾಫ್ಟ್‌ವೇರ್ ಕೊಟ್ಟ ಕಂಪನಿಯವರು ಆಗಾಗ ಒಂದು ಸುದ್ದಿ ಕಳಿಸುವರು. ಗಿರಾಕಿಗಳನ್ನು ಸೆಳೆಯಲು ಮುಂದೆ ಇಂಥಿಂಥ ಹೊಸ ಸೌಕರ್ಯ ಬರಲಿದೆ ಅಂತ. ಮೊಮ್ಮಗಳು ಓದುವಳು, ಅಂಗಡಿಯಮ್ಮ ವೀಳ್ಯದೆಲೆ ಮಡಿಸುತ್ತ ಕೇಳುವರು. ಬುಟ್ಟಿಗೆ ಹಾಕಿಕೊಂಡು ಕೊಳ್ಳದೆ ಹೋದವರಿಗೆ ಅದು ತಾನಾಗಿ ನೆನಪು ಮಾಡುತ್ತದಂತೆ ಅಂದಾಗ, "ಹಿರೇನಲ್ಲೂರಿನೋಳ್ನ ನಾನು ಕರೀಲಿಲ್ವಾ? ಅದಕ್ಕೆ ಕಂಪ್ಯೂಟರ್ ಬೇಕಾ?" ಅಂದರು. ಗಿರಾಕಿಯೊಬ್ಬರು ಇನ್ನೊಬ್ಬರನ್ನು ಕರೆತಂದರೆ ಇಬ್ಬರಿಗೂ ರಿಯಾಯಿತಿ ಅಂತ ಓದಿದಳು. "ನಾನು ಇಬ್ರಿಗೂ ಒಂದೊಂದು ಸೌಟು ಕೊಡ್ತಿದ್ದೆ. ಸೌಟೇ ವಾಸಿ," ಅಂದರು. ಎರಡೇ ಉಳಿದಿವೆ, ಬೇಗ ಕೊಳ್ಳಿ ಅಂತ ಕೆಂಪು ಅಕ್ಷರದಲ್ಲಿ ತೋರಿಸುವ ಸೌಕರ್ಯಕ್ಕೆ ಮಾತ್ರ ಅವರು ಒಪ್ಪಲಿಲ್ಲ.

"ಅಟ್ಟದ ತುಂಬ ಐತಲ್ಲೇ. ಸುಳ್ಳು ಯಾಕೆ ಹಾಕ್ತೀಯ?"

"ಫೋನಲ್ಲಿ ನೋಡೋರು ಅಟ್ಟ ಹತ್ತಲ್ಲ ದೊಡ್ಡಜ್ಜಿ."

"ನಾವು ಹತ್ತುತೀವಲ್ಲ ಮಗಾ."

ಉಡುಗೊರೆಯ ಮೇಲೆ ಹೆಸರು ಹಾಕಿಸುವ ಸೌಕರ್ಯ ಬಂತು ಅಂದಾಗ ನಾವು ಮೂವರೂ ಕುಣಿಯುವುದೊಂದು ಬಾಕಿ. ಆದರೆ ಅದನ್ನು ಮಾಡಿದವರಿಗೆ ನಮ್ಮ ಕಡೆಯ ಪದ್ಧತಿ ಏನು ಗೊತ್ತು? ಅದರಲ್ಲಿ ಇದ್ದದ್ದು ಒಂದೇ ಖಾಲಿ ಜಾಗ. ಉಡುಗೊರೆ ಯಾರಿಗೆ, ಅವರ ಹೆಸರು ಬರೆಯಿರಿ ಅಂತ ಅಷ್ಟೇ ಕೇಳುತ್ತಿತ್ತು. ತರೀಕೆರೆಯ ಒಬ್ಬರು ಅಜ್ಜಂಪುರದಲ್ಲಿದ್ದ ತಮ್ಮ ಅಕ್ಕನ ಮಗಳ ಗೃಹಪ್ರವೇಶಕ್ಕೆ ತಾಮ್ರದ ಹಂಡೆ ತರಿಸಿದರು. ಕೇಳಿದ್ದಕ್ಕೆ ಸರಿಯಾಗಿ ಹುಡುಗಿಯ ಹೆಸರು ಬರೆದರು. ಕೊಡುವ ತಮ್ಮ ಹೆಸರು ಹೇಗೂ ಹೊಡೆಯುತ್ತಾರೆ ಅಂದುಕೊಂಡರು. ನನ್ನ ಕೈಗೆ ಬಂದದ್ದು ಒಂದೇ ಹೆಸರು. ಕೊಡುವವರು ಯಾರೋ ಹೆಣ್ಣುಮಗಳು ಅಂದುಕೊಂಡು ಅದನ್ನೇ ಹೊಡೆದೆ. ಹಂಡೆ ನೇರವಾಗಿ ಅಜ್ಜಂಪುರಕ್ಕೆ ಹೋಯಿತು. ಗೃಹಪ್ರವೇಶದ ಹಿಂದಿನ ದಿನ ಆ ಹುಡುಗಿ ಸಂತೋಷದಿಂದ ಮಾವನಿಗೆ ಫೋಟೋ ಕಳಿಸಿದಳು. ಮಾವ ನಮಗೆ ಫೋನ್ ಮಾಡಿದರು.

"ಅಲ್ಲ ಕಣ್ರೀ, ಹಂಡೆ ಕೊಟ್ಟೋನು ನಾನು. ನೋಡಿದ್ರೆ ಅವ್ಳೇ ದುಡ್ಡು ಕೊಟ್ಟು ತಂದ್ಕೊಂಡಂಗೈತೆ. ಬೀಗರ ಮುಂದೆ ಸೋದರಮಾವ ಬರಿಗೈಲಿ ಬಂದ ಅಂತಾಗಲ್ವಾ? ಹಂಡೆ ವಾಪಸ್ ತಗೊಳ್ಳಿ."

ಮೊಮ್ಮಗಳ ಮುಖ ಬಾಡಿತು. ಆ ಮದುವೆ ಸೀಸನ್ನಿನಲ್ಲಿ ಫೋನಿನಿಂದ ಬಂದಿದ್ದ ದೊಡ್ಡ ವ್ಯಾಪಾರ ಅದೊಂದೇ. ಅದೂ ವಾಪಸಾದರೆ ಗಾಜಿನ ಬಾಗಿಲು ಬಂದಂತೆಯೇ. ಅಂಗಡಿಯಮ್ಮ ಫೋನ್ ಇಸಿದುಕೊಂಡರು.

"ನಾಳೆ ಹಾಲು ಉಕ್ಕಿಸೋದು ಎಷ್ಟೊತ್ತಿಗಪ್ಪಾ?"

"ಒಂಬತ್ತೂವರೆಗೆ. ಯಾಕೆ?"

"ಅಷ್ಟೊತ್ತಿಗೆ ಬತ್ತೀವಿ."

ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಮೂವರೂ ಬಸ್ಸು ಹತ್ತಿದೆವು. ಅಂಗಡಿಯಮ್ಮ ಜರಿಯಂಚಿನ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು, ಉಳಿ ಸುತ್ತಿಗೆಯ ಚೀಲ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದರು. ಬೀರೂರು ದಾಟುವಾಗ ಮುಂದಿನ ಸೀಟಿನ ಕಂಬಿ ಬಡಿದು ನೋಡಿ, "ಸುಮಾರಾಗೈತೆ," ಅಂದರು. ಮೊಮ್ಮಗಳು ಆ ದಿನ ಮೊದಲ ಸಲ ನಕ್ಕಿದ್ದು ಆಗ.

ಮಾವ ಬಾಗಿಲಲ್ಲೇ ಮುಖ ಊದಿಸಿಕೊಂಡು ನಿಂತಿದ್ದರು. "ಹಾಲು ಉಕ್ಕೋದ್ರೊಳಗೆ ನಿಮ್ಮ ಹೆಸರು ಬಂದಿರ್ತದೆ. ಕಾಫಿ ಕುಡೀರಿ," ಅಂತ ಅಂಗಡಿಯಮ್ಮ ಒಳಗೆ ನಡೆದೇಬಿಟ್ಟರು. ಜಗುಲಿಯಲ್ಲಿ ಗೋಣಿಚೀಲ ಹಾಸಿ ಹಂಡೆ ಒರಗಿಸಿ ನನ್ನನ್ನು ಕೂರಿಸಿದರು. ಹುಡುಗಿಯ ಹೆಸರಿನ ಮೇಲುಗಡೆ ಬೇಕಾದಷ್ಟು ಜಾಗವಿತ್ತು. ಟಿಕ್ ಟಿಕ್ ಟಿಕ್ ಅಂತ ಶುರುಮಾಡಿದೆ. ಸದ್ದಿಗೆ ನೆಂಟರೆಲ್ಲ ಜಗುಲಿಗೆ ಬಂದರು. ಮಾವನೂ ಲೋಟ ಹಿಡಿದುಕೊಂಡು ಬಗ್ಗಿ, ಒಂದೊಂದು ಅಕ್ಷರ ಮೂಡಿದಾಗಲೂ ಪಕ್ಕದವರಿಗೆ, "ಇನ್ನೂ ಐತೆ, ತಡೀರಿ," ಅನ್ನತೊಡಗಿದರು. ಅವರ ಹೆಸರು, ಅದರ ಮುಂದೆ ಸೋದರಮಾವನಿಂದ ಅಂತ ಮುಗಿಸಿದಾಗ ಅವರ ಮುಖದ ಊತ ಪೂರ್ತಿ ಇಳಿದಿತ್ತು.

ಅಂಗಡಿಯಮ್ಮ ಮುಂದೆ ಬಂದು ಗೆಣ್ಣಿನಿಂದ ಹಂಡೆಯನ್ನು ಬಡಿದರು. ಢಣ್ ಅಂದಿತು. ಅಷ್ಟು ಜನರಿದ್ದ ಮನೆ ಆ ಸದ್ದು ನಿಲ್ಲುವವರೆಗೂ ಸುಮ್ಮನಿತ್ತು.

"ಕೇಳಿಸ್ತಾ?"

"ಕೇಳಿಸ್ತು ಕಣಮ್ಮ. ಇಂಥದ್ದು ಎಲ್ಲಿ ಸಿಗ್ತದೆ?" ಅಂದಳು ಹಿಂದಿನಿಂದ ಒಬ್ಬಳು.

"ಕಡೂರಲ್ಲೂ ಸಿಗ್ತದೆ, ನಿನ್ನ ಕೈಲಿರೋ ಫೋನಲ್ಲೂ ಸಿಗ್ತದೆ," ಅಂದರು ಅಂಗಡಿಯಮ್ಮ. ಬಾಗಿಲು ಎಲ್ಲಾ ಕಡೆಗೂ ಇದೆ ಅನ್ನುವುದು ಅವರಿಗೆ ಆಗ ಹೊಳೆದಿರಬೇಕು. ಬೇರೆ ಅಂಗಡಿಯಿಂದ ತಂದಿದ್ದ ಪಾತ್ರೆಗಳನ್ನೂ ಜನ ತಂದು ಮುಂದಿಟ್ಟರು. "ಎಲ್ಲಿ ತಂದ್ರೇನು, ಕೊಟ್ಟೋರು ಕೊಟ್ಟೋರೇ," ಅಂತ ಅವೆಲ್ಲಕ್ಕೂ ಪುಕ್ಕಟೆ ಹೆಸರು ಹೊಡೆಸಿದರು. ಊಟದ ಹೊತ್ತಿಗೆ ನನ್ನ ಮಣಿಕಟ್ಟು ಬಿದ್ದುಹೋಗಿತ್ತು. ಬಡಿಸುವಾಗ ಮಾವ ನನ್ನ ಎಲೆಗೆ ಬೇಡ ಬೇಡ ಅಂದರೂ ಎರಡು ಹೋಳಿಗೆ ಹಾಕಿದರು.

ಮೊಮ್ಮಗಳು ಅದನ್ನೆಲ್ಲ ಫೋನಿನಲ್ಲಿ ಹಿಡಿದಿದ್ದಳು. ಅದನ್ನು ಆನ್‌ಲೈನ್ ಅಂಗಡಿಯ ಮೊದಲ ಬಾಗಿಲಿಗೇ ಹಾಕಿದಳು. ನೋಡಿದವರು ನೋಡದವರಿಗೆ ಕಳಿಸಿದರು. ಆಮೇಲೆ ನೋಡಿ, ಕಂಡು ಕೇಳರಿಯದ ಊರುಗಳಿಂದ ಚೊಂಬು, ಕೊಡ, ಹಂಡೆ ಬೇಕು ಅಂತ ಆರ್ಡರುಗಳು ಬಂದವು. ಪ್ರತಿಯೊಬ್ಬರಿಗೂ ಮೊಮ್ಮಗಳೇ ಫೋನ್ ಮಾಡಿ, ಕೊಡೋರು ಯಾರು ಅಂತ ಕೇಳಿಕೊಳ್ಳುವಳು. ಕಂಪನಿಯವರಿಗೂ ಬರೆದಳು: ನಮಗೆ ಒಂದು ಹೆಸರಿನ ಜಾಗ ಸಾಲದು, ಕೊಡುವವರಿಗೆ ಬೇರೆ ಜಾಗ ಬೇಕು ಅಂತ.

ಮದುವೆ ಸೀಸನ್ ಮುಗಿದ ಮೇಲೆ ಬಾಡಿಗೆ ಕೇಳಿದ್ದವನು ಮತ್ತೆ ಬಂದ.

"ಏನಪ್ಪಾ, ನೀವು ಮಾರೋ ಫೋನಿಂದಲೇ ನನ್ನ ಅಂಗಡಿ ಉಳ್ಕೊಂಡೈತೆ. ಈಗ ಜಾಗ ಎಲ್ಲಿಂದ ತರ್ಲಿ?" ಅಂದರು ಅಂಗಡಿಯಮ್ಮ. ಅವನೂ ನಕ್ಕು, ತಂಗಿಯ ಮದುವೆಗೆ ಅಂತ ಒಂದು ಕೊಳಗ ಕೊಂಡು, ತನ್ನ ಹೆಸರು ಹೊಡೆಸಿಕೊಂಡು ಹೋದ.

ಹೋದ ಕಾರ್ತಿಕದಲ್ಲಿ ಅಂಗಡಿಯಮ್ಮ ಹೋದರು. ಮಧ್ಯಾಹ್ನ ಮುದ್ದೆ ಉಂಡು ಮಲಗಿದವರು ಏಳಲಿಲ್ಲ. ಅಂಗಡಿಯನ್ನು ಮೊದಲೇ ನನ್ನ ಮೊಮ್ಮಗಳ ಕೈಗೆ ಒಪ್ಪಿಸಿದ್ದರು. ಅತ್ತದ್ದು ನಿಜ, ಬಹಳ ಅತ್ತೆ. ಆದರೆ ಅವರನ್ನು ನೆನೆದರೆ ಈಗ ನಗುವೇ ಮೊದಲು ಬರುತ್ತದೆ. ಯಾವ ಊರಿನಲ್ಲಿ ಯಾರೇ ಫೋನಿನಲ್ಲಿ ನಮ್ಮ ಪಾತ್ರೆಯ ಚಿತ್ರ ಮುಟ್ಟಲಿ, ಟಣ್ ಅನ್ನುವುದು ಅವರ ಗೆಣ್ಣೇ.

ಇನ್ನು ಹೋದ ವಾರದ ಸುದ್ದಿ. ಕಂಪನಿಯವರು ಮುಂದೆ ಬರುವ ಸೌಕರ್ಯಗಳನ್ನು ಕಳಿಸಿದ್ದರು. ಮೊಮ್ಮಗಳು ಓದುತ್ತ ಓದುತ್ತ ನಿಂತುಬಿಟ್ಟಳು. ಉಡುಗೊರೆಯಲ್ಲಿ ಕೊಡುವವರ ಹೆಸರಿಗೆ ಬೇರೆ ಜಾಗ ಬರಲಿದೆ. ಅಂಗಡಿಯವರು ತಮ್ಮದೇ ಅಕ್ಷರ ಹಾಕಿಟ್ಟರೆ, ಕೊಳ್ಳುವ ಮೊದಲೇ ಪಾತ್ರೆಯ ಮೇಲೆ ಹೆಸರು ಹೇಗೆ ಕಾಣುತ್ತದೆಂದು ಅದೇ ಅಕ್ಷರದಲ್ಲಿ ತೋರಿಸಲಿದೆ. ವ್ಯಾಪಾರಿಯೊಬ್ಬರು ಕೇಳಿದ್ದರಿಂದ ಇದನ್ನು ಮಾಡುತ್ತಿದ್ದೇವೆ ಅಂತ ಕೆಳಗೆ ಬರೆದಿದ್ದಾರೆ. ಆ ವ್ಯಾಪಾರಿ ನನ್ನ ಮೊಮ್ಮಗಳು. ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಹಾಲಿನವನಿಗೆ ಹೇಳಿದ್ದು ಮರೆತು ಮತ್ತೆ ಹೇಳಿದೆ.

"ಅಜ್ಜಿ, ನಿನ್ನ ಅಕ್ಷರ ಎಲ್ಲಾ ಬೇಕು, ಅ ಇಂದ ಹಿಡಿದು," ಅಂದಳು. ಜಜ್ಜಿದ ಆ ಹಳೆಯ ತಟ್ಟೆಯನ್ನು ಅಟ್ಟದಿಂದ ಇಳಿಸಿದೆ. ನಾನು ಕಲಿಯುವಾಗ ಹೊಡೆದಿದ್ದ ಸೊಟ್ಟ ಚುಕ್ಕಿಗಳು ಅದರ ಮೇಲೆ ಹಾಗೇ ಇದ್ದವು. ಅವುಗಳ ಪಕ್ಕದಲ್ಲಿ ಹೊಸದಾಗಿ ಪೂರ್ತಿ ಅಕ್ಷರಮಾಲೆ ಹೊಡೆದುಕೊಟ್ಟೆ.

ಉಳಿ ಕೈಯಲ್ಲೇ ಇತ್ತು. ಒಂದು ಹಿತ್ತಾಳೆ ಚೊಂಬು ತೆಗೆದುಕೊಂಡೆ, ಮೊಮ್ಮಗಳಿಗೆ ಕೊಡೋಣ ಅಂತ. ಹೆಸರು ಹೊಡೆಯಲು ಉಳಿ ಇಟ್ಟವಳಿಗೆ ಕೈ ಓಡಲಿಲ್ಲ. ಕೊಡುತ್ತಿರುವವಳು ನಾನೇ, ಆದರೆ ಹೊಡೆಯುವ ಈ ಅಕ್ಷರ ನನಗೆ ಬಂದದ್ದು ಯಾರಿಂದ? ಇವಳು ಕೂತಿರುವ ಅಂಗಡಿ ಬಂದದ್ದು ಯಾರಿಂದ? ಮಾರಿದೀನಿ ಅಷ್ಟೇ ಅಂತ ಅಂಗಡಿಯಮ್ಮ ಅಂದಿದ್ದರು. ಅವರ ಮಾತು ಮೀರಿದ್ದು ಇದೊಂದು ಸಲ.

ಅವರ ಹೆಸರೇನು ಅಂತ ನಾನು ಇಲ್ಲಿ ಬರೆದಿಲ್ಲ. ಕಡೂರಿಗೆ ಬಂದರೆ ಅಂಗಡಿಗೆ ಬನ್ನಿ, ಗಲ್ಲಾಪೆಟ್ಟಿಗೆಯ ಪಕ್ಕ ಕುಡಿಯುವ ನೀರಿನ ಚೊಂಬು ಇರುತ್ತದೆ. ನೀರು ಕುಡಿದು, ಅದನ್ನು ತಿರುಗಿಸಿ ನೋಡಿ.