ಬೂದಿಯಾದವನ ಎರಡನೇ ಭಾಗ

ಎಪ್ಪತ್ತರ ದಶಕದಲ್ಲಿ, ನಾನು ಬಾಯಿಪಾಠ ಮಾಡಿಕೊಂಡಿದ್ದ ಮಾಯಾಲೋಕದ ಕಾದಂಬರಿಯೊಂದು ಸಿನಿಮಾ ಆಯಿತು. ಪುಸ್ತಕದಲ್ಲಿದ್ದಂತೆಯೇ ಮಾಂತ್ರಿಕ ಕೊನೆಗೆ ಸುಟ್ಟು ಬೂದಿಯಾದ. ಸಿನಿಮಾ ಚೆನ್ನಾಗಿ ಓಡಿತು ನೋಡಿ, ಎರಡನೇ ಭಾಗದಲ್ಲಿ ಅವನೇ ಮೀಸೆ ಸಮೇತ ಎದ್ದು ಬಂದ. ಬೂದಿಯಲ್ಲಿ ಮೀಸೆ ಹೇಗೆ ಉಳಿಯಿತೋ, ಪುಸ್ತಕ ಬರೆದವರಿಗೂ ಗೊತ್ತಿರಲಾರದು.

ಕಾಶಿಯ ಗೋದೌಲಿಯಾ ಪೇಟೆಯ ಟಾಕೀಸಿನಲ್ಲಿ ನಾನು ಹಲ್ಲು ಕಡಿಯುತ್ತ ಕೂತಿದ್ದರೆ, ಪಕ್ಕದಲ್ಲಿದ್ದ ನಮ್ಮಜ್ಜಿ ನನಗಿಂತ ಹೆಚ್ಚು ಕೆರಳಿದ್ದಳು. ಕಾಶಿಯಲ್ಲಿ ಸತ್ತರೆ ಮರುಜನ್ಮವಿಲ್ಲವೆಂದು ನಂಬಿ, ಊರು ಬಿಟ್ಟು ಬಂದು ಹನುಮಾನ್ ಘಾಟಿನಲ್ಲಿ ನೆಲೆಸಿದ್ದವಳು ಅವಳು.

"ಹೋದ ವರ್ಷ ಇವನು ಇದೇ ಟಾಕೀಸಲ್ಲಿ ಸತ್ತಿದ್ದನಲ್ವೇನೋ?"

"ಹೌದಜ್ಜಿ."

"ಕಾಶೀಲಿ ಸತ್ತವನೂ ಮತ್ತೆ ಹುಟ್ಟಿ ಬರೋದಾದ್ರೆ, ನಾನು ಇಲ್ಲಿ ಯಾತಕ್ಕೋ ಕಾಯ್ತಾ ಕೂತಿರೋದು?"