ಸ್ನಾನ ಅಂದರೆ ಎಷ್ಟು ನೀರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ರಾಮದುರ್ಗದ ನಮ್ಮ ಪುಟ್ಟ ಚರ್ಚಿನ ಕಾರ್ಯದರ್ಶಿ. ಹೆಸರಿಗೆ ಕಾರ್ಯದರ್ಶಿ, ಮಾಡುತ್ತಿದ್ದದ್ದು ಚಿಂತೆ. ಪ್ರಾರ್ಥನೆಯ ನಡುವೆ ಯಾರಾದರೂ ಎರಡು ಸಲ ಕೆಮ್ಮಿದರೂ ಸಭೆ ಒಡೆಯಿತೆಂದೇ ನನಗೆ ಅನಿಸುತ್ತಿತ್ತು.

ಆ ವರ್ಷ ಚಿಂತೆಗೆ ಖರೇ ಕಾರಣವೇ ಸಿಕ್ಕಿತು. ಕಟಕೋಳದಿಂದ ಬಂದು ನಮ್ಮ ಮನೆಯಲ್ಲಿದ್ದ ಅತ್ತೆಯವರು, ಅಂದರೆ ನನ್ನ ಹೆಂಡತಿಯ ತಾಯಿ, ಎಪ್ಪತ್ತು ದಾಟಿದ ಮೇಲೆ ದೀಕ್ಷಾಸ್ನಾನ ಕೇಳಿದರು. ಕ್ರಿಸ್‌ಮಸ್ ದಿನ ಎಲ್ಲರ ಸಂಗಡ ಕರ್ತನ ಭೋಜನದ ರೊಟ್ಟಿ ತಗೊಳ್ಳಬೇಕೆಂಬುದು ಅವರ ಒಂದೇ ಆಸೆ; ದೀಕ್ಷೆಯಾಗದವರಿಗೆ ನಮ್ಮಲ್ಲಿ ಆ ರೊಟ್ಟಿ ಕೊಡುವುದಿಲ್ಲ. ಅವರಿಗೋ ದಮ್ಮಿನ ಕಾಯಿಲೆ.

ನಮ್ಮಲ್ಲಿ ತಲೆಯ ಮೇಲೆ ನೀರು ಚಿಮುಕಿಸುವುದು ರೂಢಿ. ಆದರೆ ಕಮಿಟಿ ಸೇರಿದಾಗ ಅದರಲ್ಲಿದ್ದ ನಿವೃತ್ತ ಕನ್ನಡ ಮಾಸ್ತರರು ಎದ್ದು ನಿಂತರು.

"ಪಾಸ್ಟರ್, ಸತ್ಯವೇದದಾಗ ದೀಕ್ಷಾಸ್ನಾನ ಅಂತ ಐತಿ. ನಾಕ್ ಹನಿ ಬಿದ್ರ ಅದಕ್ಕ ಸ್ನಾನ ಅಂತಾರೇನ್ರಿ? ಮಲಪ್ರಭಾ ಇಲ್ಲೇ ಹರೀತೈತಿ. ಮುಳುಗಿಸ್ರಿ."

"ಈ ಥಂಡ್ಯಾಗ ಮುಳುಗಿಸಿದ್ರ ಮುದುಕಿ ಸೀದಾ ಸ್ವರ್ಗಕ್ಕ ಹೊಕ್ಕಾಳ್ರಿ," ಎಂದು ಇನ್ನೊಬ್ಬರು ನಕ್ಕರು.

ಮಾಸ್ತರರು ನಗಲಿಲ್ಲ. ಅವರದು ಹಟವಲ್ಲ, ಅರ್ಧ ದೀಕ್ಷೆ ಕೊಟ್ಟು ಮುದುಕಿಗೆ ಮೋಸ ಮಾಡಿದಂತಾದೀತೆಂಬ ನಿಜವಾದ ಭಯ. ನಾನಂತೂ ಮನಸ್ಸಿನಲ್ಲೇ ಸಭೆಯನ್ನು ಎರಡು ಮಾಡಿ ಬೆಂಚುಗಳನ್ನೂ ಹಂಚಿ ಮುಗಿಸಿದ್ದೆ. ಹಾರ್ಮೋನಿಯಂ ಯಾರಿಗೆಂಬುದೊಂದೇ ಬಗೆಹರಿದಿರಲಿಲ್ಲ.

ಪಾಸ್ಟರ್ ವಾದಕ್ಕಿಳಿಯಲಿಲ್ಲ. ಅವರದೊಂದು ಪದ್ಧತಿಯಿತ್ತು: ಒಬ್ಬರು ನೆಚ್ಚಿಕೊಂಡ ಅಧ್ಯಾಯವನ್ನು ಅವರನ್ನು ಒಪ್ಪದವರೇ ನಿಂತು ಪೂರ್ತಿ ಓದಬೇಕು. ಮಾಸ್ತರರು ನೆಚ್ಚಿದ, ನದಿಯಲ್ಲಿ ಇಳಿಸಿ ದೀಕ್ಷೆ ಕೊಟ್ಟ ಅಧ್ಯಾಯವನ್ನು ಪಾಸ್ಟರ್ ಓದಿದರು. ಸೆರೆಮನೆಯ ಕಾವಲುಗಾರನ ಮನೆಮಂದಿಗೆಲ್ಲ ನಡುರಾತ್ರಿ ಅವಸರದಲ್ಲಿ ದೀಕ್ಷೆಯಾದ ಅಧ್ಯಾಯ ಮಾಸ್ತರರ ಪಾಲಿಗೆ ಬಂತು. ತಮ್ಮ ವಿರುದ್ಧವೇ ಓದುತ್ತಿದ್ದರೂ ಅವರು ಒಂದು ಒತ್ತಕ್ಷರವನ್ನೂ ನುಂಗಲಿಲ್ಲ. ಅಷ್ಟು ಚೆನ್ನಾಗಿ ಅದನ್ನು ಯಾರೂ ಓದಿದ್ದು ನಾನು ಕೇಳಿಲ್ಲ.

"ಒಪ್ಪಿದ್ರೇನ್ ಮಾಸ್ತರ?" ಎಂದರು ಪಾಸ್ಟರ್.

"ಒಪ್ಪಿಲ್ರಿ. ಆದ್ರ ಆ ಕಾವಲುಗಾರನ ದೀಕ್ಷಾದಾಗ ಹೊಳಿ ಕಾಣವಲ್ದು, ಅದೂ ಖರೆ."

ಪಾಸ್ಟರ್ ಅತ್ತೆಯವರನ್ನು ಕರೆಸಿದರು. "ಯವ್ವಾ, ಸ್ನಾನದ ಬಗ್ಗೆ ನಿಮ್ಮ ಮನಸಿನ್ಯಾಗ ಏನೈತಿ?"

"ಜಳಕ ಮುಂಜಾನೇನ ಆಗೇತ್ರಿ."

ನಮ್ಮ ಕಡೆ ಯಾರೂ ಸ್ನಾನ ಮಾಡುವುದಿಲ್ಲ, ಜಳಕ ಮಾಡುತ್ತಾರೆ. ಸ್ನಾನ ಪುಸ್ತಕದ ಮಾತು. ಕಮಿಟಿ ನಕ್ಕಿತು, ಅತ್ತೆಯವರಿಗೆ ಸಿಟ್ಟು ಬಂತು.

"ನಗಾಕೇನಾತು? ದಮ್ಮ ಹತ್ತಿದಾಗ ಮಗಳು ಒದ್ದಿ ಅರಿವಿಲೆ ಮೈ ಒರಸ್ತಾಳ. ಅಂದೂ ಜಳಕ ಆತು ಅಂತೇನಿ. ದೇವ್ರು ನನ್ನ ಮಗಳಿಗಿಂತ ಕಠಿಣ ಅದಾನೇನ್ರಿ?"

ಮಾಸ್ತರರು ಬಹಳ ಹೊತ್ತು ಕನ್ನಡಕ ಒರೆಸಿದರು. "ನನ್ನ ವಿರೋಧ ಬರಕೋ," ಎಂದರು ನನಗೆ. "ಆದ್ರ ಆಯೀನ ನಾ ತಡಿಯಾಂವ ಅಲ್ಲ." ಬರೆದದ್ದನ್ನು ಇಸಿದುಕೊಂಡು ನೋಡಿ, "ದೀಕ್ಷ ಅಲ್ಲೋ ತಮ್ಮಾ, ದೀಕ್ಷಾ. ದೀರ್ಘ ಎಲ್ಲಿ ನುಂಗಿದಿ?" ಎಂದು ತಿದ್ದಿ ಸಹಿ ಮಾಡಿದರು.

ಭಾನುವಾರ ಅವರೇ ಮಲಪ್ರಭೆಯಿಂದ ಒಂದು ಕೊಡ ನೀರು ತಂದು, ಚರ್ಚಿನ ಹಿಂದೆ ಮೂರು ಕಲ್ಲು ಹೂಡಿ ಬೆಚ್ಚಗೆ ಮಾಡಿದರು. ಪಾಸ್ಟರ್ ನೀರು ಚಿಮುಕಿಸುವಾಗ ಬೋಗುಣಿ ಹಿಡಿದು ನಿಂತದ್ದೂ ಅವರೇ. ಅವರ ಜಾಗದಲ್ಲಿ ನಾನಿದ್ದರೆ ಜ್ವರದ ನೆಪ ಹೇಳಿ ಮನೆಯಲ್ಲಿರುತ್ತಿದ್ದೆ.

ಕ್ರಿಸ್‌ಮಸ್ ದಿನ ಅತ್ತೆಯವರು ಅಂಗೈಯಲ್ಲಿನ ರೊಟ್ಟಿಯ ಚೂರನ್ನು ನೋಡಿ, ಪಿಸುಗುಟ್ಟಿದೆನೆಂದುಕೊಂಡು ಎಲ್ಲರಿಗೂ ಕೇಳುವಂತೆ ಕೇಳಿದರು: "ಇಷ್ಟಕ್ಕ ಅಷ್ಟ್ ಜಗಳಾಡಿದ್ರೇನ್ರಿ ಅಳಿಯಂದ್ರ?"

ಮಾಸ್ತರರು ಮುಂದಿನ ಬೆಂಚಿನಿಂದ ತಿರುಗಿದರು. "ಜಗಳ ಅಲ್ರಿ ಆಯೀ, ಚರ್ಚಾ."