ನೇತ್ರಾವತಿ ಅಕ್ಕೋರ ಸೇರು

ನಮ್ಮೂರ ಸರಕಾರಿ ಶಾಲೆಯ ಗಣಿತದ ಪೆಟ್ಟಿಗೆಯಷ್ಟು ಸುಖವಾಗಿ ಬದುಕಿದ ಜೀವವನ್ನು ನಾನು ಕೊಪ್ಪಳ ಸೀಮೆಯಲ್ಲಿ ಕಂಡಿಲ್ಲ. ಬಂದ ದಿನವೇ ಅದನ್ನು ಕಪಾಟಿನೊಳಗಿಟ್ಟು ಬೀಗ ಜಡಿದರು. ಬಿಸಿಲು ತಾಗಿಲ್ಲ, ಧೂಳು ಕೂತಿಲ್ಲ, ಮಕ್ಕಳ ಕೈಯಂತೂ ಸೋಕಿಲ್ಲ. ಒಳಗೆ ಬಣ್ಣದ ಬಿಲ್ಲೆ, ಮಣಿಸರ, ಆಟದ ಗಡಿಯಾರ ಇವೆ. ಕಪಾಟಿನ ಗಾಜಿಗೆ ಮೂಗು ಒತ್ತಿ ಒತ್ತಿ ನೋಡಿ ನಮ್ಮೂರ ಒಂದಿಡೀ ತಲೆಮಾರಿನ ಮೂಗು ಚಪ್ಪಟೆಯಾಗಿದೆ.

“ಹುಡುಗ್ರ ಕೈಯಾಗ ಕೊಟ್ರ ಹಾಳಾಗತೈತ್ರಿ. ನಾಳಿ ಮ್ಯಾಲಿನವರು ಕೇಳಿದ್ರ ಯಾರು ಜವಾಬು ಕೊಡ್ತಾರ?” ಎನ್ನುತ್ತಾರೆ ಹೆಡ್ ಮಾಸ್ತರ್ ಕಲ್ಲೇಶ. ಗಂಗಾವತಿಯ ಕಾಳುಕಡಿ ವ್ಯಾಪಾರದ ಮನೆತನದವರು. ಮಕ್ಕಳಿಗೆ ಲೆಕ್ಕ ಬರದಿದ್ದರೆ ಯಾರು ಜವಾಬು ಕೊಡಬೇಕೆಂದು ಅವರನ್ನು ಇದುವರೆಗೆ ಯಾರೂ ಕೇಳಿಲ್ಲ.

ಇಂಥ ಶಾಲೆಗೆ ನೇತ್ರಾವತಿ ಅಕ್ಕೋರು ಅತಿಥಿ ಶಿಕ್ಷಕಿಯಾಗಿ ಬಂದರು. ಅತಿಥಿ ಎಂದರೆ ಎಲೆ ಹಾಸಿ ಹೋಳಿಗೆ ಬಡಿಸುತ್ತಾರೆಂದು ತಿಳಿಯಬೇಡಿ. ಜೂನ್‌ನಲ್ಲಿ ಕರೆಯುತ್ತಾರೆ, ಬೇಸಿಗೆಗೆ ಕಳಿಸುತ್ತಾರೆ. ಮತ್ತೆ ಕರೆಯುವುದು ಬಿಡುವುದು ಹೆಡ್ ಮಾಸ್ತರರ ಮರ್ಜಿ. ಭಾಗ್ಯನಗರದಲ್ಲಿ ಕೂಲಿ ಮಾಡುವ ಸುಂಕಲಮ್ಮನ ಮಗಳು ಈಕೆ. ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಕಿನ್ನಾಳ ದಾಟಿ ನಮ್ಮೂರಿಗೆ ಬರುತ್ತಾರೆ. ಆ ಬಸ್ಸಿನಲ್ಲಿ ಇವರಿಗೆ ಕೂಡಲು ಜಾಗ ಸಿಕ್ಕ ದಿನ ಸೂರ್ಯ ಪಡುವಣದಲ್ಲಿ ಹುಟ್ಟಿದ್ದನಂತೆ.

ಮೂರನೇ ತರಗತಿಯ ಪುಸ್ತಕದಲ್ಲಿ ಸೇಬು ಹಂಚುವ ಲೆಕ್ಕವಿತ್ತು. ನಮ್ಮ ಮಕ್ಕಳು ಸೇಬು ಕಂಡಿದ್ದರೆ ಅದು ಆಸ್ಪತ್ರೆಯಲ್ಲಿ ಮಲಗಿದ ಅಜ್ಜನ ತಲೆದಿಂಬಿನ ಪಕ್ಕ. ಸೇಬೆಂದ ಕೂಡಲೇ ಅರ್ಧ ತರಗತಿ ಅಳುವ ಮುಖ ಮಾಡುತ್ತಿತ್ತು. ಅಕ್ಕೋರು ಪೆಟ್ಟಿಗೆ ಕೇಳಿದರು, ಸಿಗಲಿಲ್ಲ. ಕಿನ್ನಾಳದಲ್ಲಿ ಬಸ್ಸಿಳಿದು, ಬೊಂಬೆ ಮಾಡುವವರು ಎಸೆದ ಹಗುರ ಮರದ ತುಂಡುಗಳನ್ನು ಆಯ್ದು ತಂದರು. ಚೌಕ, ತ್ರಿಕೋನ ಎಲ್ಲ ಅದರಲ್ಲೇ ಸಿಕ್ಕವು. ಆಮೇಲೆ ತಮ್ಮ ಮನೆಯಿಂದ ಒಂದು ಸೇರು, ಒಂದು ಪಾವು, ಒಂದು ಚೀಲ ಜೋಳ ತಂದರು. ಎಷ್ಟು ಪಾವಿಗೆ ಒಂದು ಸೇರು ತುಂಬುತ್ತದೆಂದು ಮಕ್ಕಳೇ ಸುರಿದು ನೋಡಿದರು. ಕಾಲು, ಅರ್ಧ, ಮುಕ್ಕಾಲು ಎಂಬ ಮೂರು ಭೂತಗಳು ಅಂದೇ ಊರು ಬಿಟ್ಟವು.

ಈ ಆಟದಲ್ಲಿ ಎಲ್ಲರನ್ನೂ ಮೀರಿಸಿದವಳು ಅಫ್ಸಾನಾ. ಶಾಲೆಯೆದುರು ಮಂಡಕ್ಕಿ ಮಾರುವ ಸರ್ದಾರಬೀಯ ಮೊಮ್ಮಗಳು. ಮೊದಲು ಈ ಹುಡುಗಿಯ ಬಾಯಿಂದ ಮಾತು ತೆಗೆಯುವುದಕ್ಕಿಂತ ಬಾವಿಯಿಂದ ಆನೆ ತೆಗೆಯುವುದು ಸುಲಭವಿತ್ತು. ಸೇರು ಕೈಗೆ ಬಂದದ್ದೇ ತಡ, ಅಜ್ಜಿಯಂತೆ ಸುರಿಯುತ್ತ ಎಣಿಸತೊಡಗಿದಳು: “ಲಾಭ... ಎರಡು... ಮೂರು...”

ನಮ್ಮ ಕಡೆ ಕಾಳು ಅಳೆಯುವಾಗ ಮೊದಲ ಸೇರಿಗೆ ಯಾರೂ ಒಂದು ಎನ್ನುವುದಿಲ್ಲ. ಲಾಭ ಎನ್ನುತ್ತಾರೆ, ರಾಶಿ ಹೆಚ್ಚಲಿ ಎಂದು. ಅಕ್ಕೋರು ಅದನ್ನು ತಿದ್ದಲಿಲ್ಲ. “ಬಾಯಾಗ ಲಾಭ ಅನ್ರಿ, ಪಾಟಿ ಮ್ಯಾಲ 1 ಬರೀರಿ” ಎಂದರು. ಎಡಗೈಯಲ್ಲಿ ಪಾಟಿ, ಬಲಗೈಯಲ್ಲಿ ಸೇರು, ಬೆರಳ ಸಂದಿಯಲ್ಲಿ ಬಳಪ. ಅಫ್ಸಾನಾ ಬರೆದೂ ಬರೆದು ಪಾಟಿ ಸವೆದು ಹಪ್ಪಳವಾಯಿತು.

ಫೆಬ್ರುವರಿಯಲ್ಲಿ ತಪಾಸಣೆಗೆ ಒಬ್ಬ ಸಾಹೇಬರು ಬಂದರು. ದೂರದ ಪಟ್ಟಣದಲ್ಲಿ ಹುಟ್ಟಿ, ಪ್ಯಾಕೆಟ್ಟಿನ ಅಕ್ಕಿ ಉಂಡು ಬೆಳೆದವರು. ಕಪಾಟಿನ ಗಾಜಿನಿಂದ ಪೆಟ್ಟಿಗೆ ನೋಡಿ “ಬಹಳ ಚೆನ್ನಾಗಿ ಇಟ್ಟಿದ್ದೀರಿ” ಎಂದರು. ಮೂರನೇ ತರಗತಿಯಲ್ಲಿ ಜೋಳದ ಚೀಲ ಕಂಡದ್ದೇ ಮೂಗು ಮುರಿದರು. ಶಾಲಾ ಸಮಿತಿಯ ಸದಸ್ಯನಾಗಿ, ಅಂದರೆ ಚಹಾದ ಹಕ್ಕುದಾರನಾಗಿ, ನಾನೂ ಬೆನ್ನಿಗಿದ್ದೆ.

“ಇದೇನು ಶಾಲೆಯೋ ಸಂತೆಯೋ? ಎಲ್ಲಿ, ಏನು ಕಲಿಸಿದ್ದೀರಿ ತೋರಿಸಿ.”

ಅಕ್ಕೋರು ಅಫ್ಸಾನಾಳನ್ನು ಕರೆದರು. ಹುಡುಗಿ ಸೇರು ತುಂಬಿ ಸುರಿದಳು. “ಲಾಭ.”

“ನಿಲ್ಲಿಸು. ಒಂದು ಎಲ್ಲಿ ಹೋಯಿತು?”

ಹುಡುಗಿ ಜೋಳದ ರಾಶಿಯತ್ತ ಬೆರಳು ತೋರಿಸಿದಳು. ಅಲ್ಲೇ ಬಿದ್ದಿತ್ತಲ್ಲ.

“ಮೂರನೇ ತರಗತಿಯ ಮಗುವಿಗೆ ಒಂದು ಎನ್ನಲು ಬರುವುದಿಲ್ಲ” ಎಂದು ಸಾಹೇಬರು ತೀರ್ಪು ಕೊಟ್ಟರು. ಪಾಟಿಯ ಮೇಲೆ ಆಗಲೇ ಮೂಡಿದ್ದ 1ನ್ನು ಅವರು ಕಣ್ಣೆತ್ತಿ ನೋಡಲಿಲ್ಲ. ಅಕ್ಕೋರು “ಸರ, ಇದು ನಮ್ಮ ಕಡೆ ರೂಢಿ” ಎಂದರೆ “ಶಾಲೆಯಲ್ಲಿ ಮೂಢನಂಬಿಕೆಯೇ?” ಎಂದರು. ನಾನು ಬಾಯಿ ತೆರೆದೆ. “ಹಿರಿಯರು ಕೂತುಕೊಳ್ಳಿ” ಎಂದರು. ಕಲ್ಲೇಶ ಮಾಸ್ತರರು ಮಾತ್ರ ಛಾವಣಿಯ ಜೇಡವನ್ನು ಹೊಸ ನೆಂಟನಂತೆ ನೋಡುತ್ತ ನಿಂತರು. ತೊಟ್ಟಿಲಲ್ಲೇ ಲಾಭ ಎಂದು ಅತ್ತ ಮನುಷ್ಯ! ಒಂದು ಮಾತು ಆಡಿದ್ದರೆ ಸಾಕಿತ್ತು. ನನ್ನ ಮೈಯಲ್ಲಿ ಎದ್ದ ಉರಿಗೆ ಹಂಚು ಕಾಯಿಸಿ ಇಡೀ ಶಾಲೆಗೆ ರೊಟ್ಟಿ ಸುಡಬಹುದಿತ್ತು.

“ನಾಳೆಯಿಂದ ಈ ತರಗತಿಯ ಗಣಿತ ನೀವೇ ತೆಗೆದುಕೊಳ್ಳಿ, ಹೆಡ್ ಮಾಸ್ತರೇ. ಮುಂದಿನ ವರ್ಷ ಇವರನ್ನು ಕರೆಯುವ ಮುಂಚೆ ಯೋಚಿಸಿ.”

ಅಫ್ಸಾನಾಳ ಕಣ್ಣು ತುಂಬಿತು. ಕಲ್ಲೇಶರು ಸೇರನ್ನು ಕಿತ್ತುಕೊಂಡು ಬಗಲಲ್ಲಿಟ್ಟುಕೊಂಡರು.

ಅಲ್ಲಿಂದ ಸಾಹೇಬರ ಸವಾರಿ ಅಡುಗೆಮನೆಗೆ. ಮಧ್ಯಾಹ್ನದೂಟದ ಅಕ್ಕಿ ತಮ್ಮೆದುರೇ ತೂಗಬೇಕೆಂದರು. ಅಡುಗೆಯ ದುರಗಮ್ಮ ತೂಕದ ಯಂತ್ರದತ್ತ ನೋಡಿದಳು. “ಅದು ಸತ್ತು ಭಾಳ ದಿನಾತ್ರಿ. ತಿಥಿ ಮಾಡೋದಷ್ಟ ಬಾಕಿ.” ಕಲ್ಲೇಶರು ತಮ್ಮ ಚುರುಕುತನ ತೋರಿಸಲು ಇದೇ ಸಮಯವೆಂದು ಬಗಲಿನ ಸೇರು ತೆಗೆದು ತಾವೇ ಕುಕ್ಕರಗಾಲಲ್ಲಿ ಕೂತರು. ಅಕ್ಕಿ ತುಂಬಿದರು, ಅಂಗೈಯಲ್ಲಿ ಸವರಿದರು, ಬುಟ್ಟಿಗೆ ಸುರಿದರು. ವ್ಯಾಪಾರದ ಮನೆಯ ನಾಲಗೆ ಯಜಮಾನನ ಅಪ್ಪಣೆಗೆ ಕಾಯಲಿಲ್ಲ.

“ಲಾಭ” ಎಂದರು.

ಅಡುಗೆಮನೆಯಲ್ಲಿ ಬೇಳೆ ಕುದಿಯುವುದನ್ನೂ ನಿಲ್ಲಿಸಿತು. ಬಾಗಿಲಲ್ಲಿ ಮಕ್ಕಳ ಗುಂಪು. ಅದರೊಳಗಿಂದ ಅಫ್ಸಾನಾ ಕಣ್ಣೊರೆಸಿಕೊಂಡು ಸಾಹೇಬರಿಗೆ ಹೇಳಿದಳು:

“ಹೆಡ್ ಮಾಸ್ತರ್ರಿಗೂ ಒಂದು ಬರಂಗಿಲ್ರಿ.”

ದುರಗಮ್ಮ ಸೆರಗು ಬಾಯಿಗೊತ್ತಿಕೊಂಡರೂ ನಗೆ ಕಿವಿಯಿಂದ ಹೊರಬಂತು.

“ಏನ್ರಿ, ನೀವೂ ಹೀಗೆಯೇ ಎಣಿಸುವುದೇ?” ಸಾಹೇಬರ ದನಿ ಇಳಿದಿತ್ತು.

“ನಮ್ಮ ಕಡೆ ರೂಢಿರಿ, ಸರ.”

“ಈ ಮಾತು ಆಗ ವರ್ಗದಾಗ ಅಂದಿದ್ರ ಕೂಸಿನ ಕಣ್ಣಾಗ ನೀರು ಬರತಿರಲಿಲ್ರಿ, ಸರ” ಎಂದರು ಅಕ್ಕೋರು, ಹೆಡ್ ಮಾಸ್ತರರತ್ತ ತಿರುಗಿ. ಮುಂದಿನ ಜೂನ್‌ನ ಕರೆ ಪೂರ್ತಿ ಆ ಮಾತಿನ ಮೇಲೆ ನಿಂತಿತ್ತು, ಆದರೂ ಅಂದರು. ಅಫ್ಸಾನಾಳ ಕೈಯಿಂದ ಪಾಟಿ ತೆಗೆದು ಸಾಹೇಬರೆದುರು ಹಿಡಿದರು. 1 ಇನ್ನೂ ಅಲ್ಲೇ ಇತ್ತು, ಕಣ್ಣೀರಿಗೆ ಒಂದಿಷ್ಟು ಅಲುಗಾಡಿತ್ತು.

ಸಾಹೇಬರು ಈ ಸಲ ಬಗ್ಗಿ ನೋಡಿದರು. “ಆಯಿತು, ಗಣಿತ ಇವರ ಬಳಿಯೇ ಇರಲಿ. ಮುಂದಿನ ವರ್ಷವೂ ಕರೆಯಿರಿ” ಎಂದು ಜೀಪು ಹತ್ತಿದರು. ಹುಡುಗಿಗೆ ಮಾತ್ರ ತಪ್ಪಾಯಿತು ಎನ್ನಲಿಲ್ಲ. ಅಷ್ಟು ದೊಡ್ಡ ಜೀಪಿನಲ್ಲಿ ಅಷ್ಟು ಚಿಕ್ಕ ಮಾತಿಗೆ ಜಾಗವಿರಲಿಲ್ಲವೆಂದು ಕಾಣುತ್ತದೆ.

“ಸೇರು ಕೊಡ್ರಿ, ಸರ” ಎಂದು ಅಕ್ಕೋರು ಕೈ ಚಾಚಿದರು. “ಅದರ ಜೋಡಿ ಕಪಾಟಿನ ಕೀಲಿನೂ ಕೊಡ್ರಿ.”

ಕಲ್ಲೇಶರು ಸೇರು ಕೊಟ್ಟರು. ಕೀಲಿಗೆ “ನಾಳಿ ನೋಡೂಣಂತ್ರಿ” ಎಂದರು.

ಅಕ್ಕೋರು ದಿನಾ ಕೇಳುತ್ತಾರೆ. ಆ ನಾಳೆ ಇನ್ನೂ ಕುಷ್ಟಗಿಯಿಂದ ನಡೆದುಕೊಂಡು ಬರುತ್ತಿದೆ. ಪೆಟ್ಟಿಗೆ ಗಾಜಿನೊಳಗೆ ಮಹಾರಾಜನಂತೆ ಮಲಗಿದೆ. ಹೊರಗೆ ಅಫ್ಸಾನಾ ಸೇರು ತುಂಬಿ, ಪೆಟ್ಟಿಗೆಯತ್ತ ತಿರುಗಿ ನಿಂತು, ಯಲಬುರ್ಗಾಕ್ಕೂ ಕೇಳುವಂತೆ “ಲಾಭ” ಎಂದು ಸುರಿಯುತ್ತಾಳೆ.